ಗೋಡೆ ಮೇಲಿನ ನೆಂಟರು: ವಿಚಿತ್ರ ಚಿತ್ರ ಬಿಡಿಸಿ ನಗೆ ಹುಟ್ಟಿಸುವ ಬಗೆ

ಮೊದಲು ಪೆನ್ನು ಕೆಳಗಿಡಿ. ಗೋಡೆ ನೋಡಿ.

ನಮ್ಮ ಶಿರಸಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಜುಲೈ ಹೊತ್ತಿಗೆ ಸುಣ್ಣದ ಗೋಡೆಗೆ ತೇವ ಏರುತ್ತದೆ. ಮೊದಲು ಒಂದು ಬೂದು ಚುಕ್ಕೆ, ಆಮೇಲೆ ಅದರ ಅಂಚಿಗೆ ಹಸಿರು, ಆಮೇಲೆ ಎಲ್ಲೋ ಒಂದು ಕಡೆ ಸುಣ್ಣ ಉಬ್ಬಿ ಹಕ್ಕಳೆ ಏಳುತ್ತದೆ. ನಮ್ಮ ಜಗಲಿಯ ಗೋಡೆ ಮೇಲೆ ಹೀಗೆ ಎದ್ದ ಒಂದು ಕಲೆಯನ್ನು ನಾವೆಲ್ಲ ಕಲೆ ಅಂತಲೇ ನೋಡುತ್ತಿದ್ದೆವು. ಒಂದು ಮಧ್ಯಾಹ್ನ ಅಣ್ಣನ ಮಗಳು, ಆರು ವರ್ಷದವಳು, ಅದರ ಮುಂದೆ ನಿಂತು "ಆಯಿ, ಇವ್ರು ಯಾವಾಗ ಬಂದ್ರು?" ಅಂತ ಕೇಳಿದಳು. ಅತ್ತಿಗೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಿ ನೋಡಿದರು. ಬಗ್ಗಿದ ಬೆನ್ನು, ಉದ್ದ ಮೂಗು, ಕೈಯಲ್ಲಿ ಚೀಲದಂಥದ್ದು ಏನೋ. "ನಿನ್ನೆ ರಾತ್ರಿ ಬಸ್ಸಿಗೆ" ಅಂದು ಮತ್ತೆ ಅಕ್ಕಿ ಆರಿಸತೊಡಗಿದರು.

ನಾನು ಎದ್ದು ಹೋಗಿ ಪೆನ್ನು ತಂದೆ. ವಿಚಿತ್ರ ಚಿತ್ರದಿಂದ ನಗೆ ಹೇಗೆ ಹುಟ್ಟುತ್ತದೆ ಅಂತ ಯಾರು ಕೇಳಿದರೂ ಈಗಲೂ ಆ ಉತ್ತರವನ್ನೇ ತೋರಿಸುತ್ತೇನೆ. ಕಲೆ ವಿಚಿತ್ರವಾಗಿತ್ತು. ಉತ್ತರ ಮಾತ್ರ ಯಾವ ನೆಂಟರ ಬಗ್ಗೆ ಬೇಕಾದರೂ ಹೇಳಬಹುದಾದದ್ದು. ಅಸಂಗತ ಹಾಸ್ಯ ಅಂತ ದೊಡ್ಡ ಹೆಸರು ಇದಕ್ಕಿದೆ, ಆದರೆ ಕಲಿಯುವುದಕ್ಕೆ ದೊಡ್ಡ ಓದು ಬೇಡ, ಒಂದು ನೋಟ್‌ಬುಕ್ ಮತ್ತು ಒಂದಷ್ಟು ಮಳೆಗಾಲದ ಸಂಜೆಗಳು ಸಾಕು.

ಗೆರೆ ಹುಡುಕುವುದು

ಖಾಲಿ ಕಾಗದದ ಮುಂದೆ ಕೂತು "ಏನಾದ್ರೂ ವಿಚಿತ್ರವಾದದ್ದು ಬಿಡಿಸ್ತೀನಿ" ಅಂತ ಹೊರಟರೆ ಎಲ್ಲರ ಕೈಗೂ ಬರುವುದು ಒಂದೇ: ಎರಡು ಕೊಂಬು, ಮೂರು ಕಣ್ಣು, ಚೂಪು ಹಲ್ಲು. ಅದರಲ್ಲಿ ನಿಮ್ಮದು ಅನ್ನುವಂಥದ್ದು ಏನೂ ಇರುವುದಿಲ್ಲ. ಅದಕ್ಕೇ ಗೆರೆಯನ್ನು ಹೊರಗಿನಿಂದ ತನ್ನಿ. ಐನೂರು ವರ್ಷಗಳ ಹಿಂದೆ ಇಟಲಿಯ ಲಿಯೊನಾರ್ಡೊ ದ ವಿಂಚಿ ಚಿತ್ರ ಬಿಡಿಸುವವರಿಗೆ ಇದೇ ಸಲಹೆ ಬರೆದಿಟ್ಟಿದ್ದ. ಕಲೆ ಬಿದ್ದ ಗೋಡೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಅದರಲ್ಲಿ ಬೆಟ್ಟ, ಹೊಳೆ, ಯುದ್ಧ, ವಿಚಿತ್ರ ಮುಖ ಎಲ್ಲ ಕಾಣುತ್ತದೆ ಅಂತ. ನಮ್ಮ ಮನುಷ್ಯರ ಮಿದುಳು ಎರಡು ಚುಕ್ಕೆ ಒಂದು ಗೀಟು ಕಂಡರೆ ಸಾಕು, ಮುಖ ಮಾಡಿಕೊಂಡುಬಿಡುತ್ತದೆ. ಆ ಗುಣವನ್ನು ಕೆಲಸಕ್ಕೆ ಹಚ್ಚುವುದು, ಅಷ್ಟೇ.

ಘಟ್ಟದ ಮೇಲಿನವರಿಗೆ ಗೋಡೆ ಇದೆ, ಒಣಗಿ ಸುರುಳಿಯಾದ ಅಡಕೆ ಹಾಳೆ ಇದೆ, ಹಲಸಿನ ಮರದ ಗಂಟಿದೆ. ಕೆಳಗಿನವರಿಗೆ ಸಮುದ್ರವೇ ಬಿಡಿಸಿಕೊಡುತ್ತದೆ. ಕಾರವಾರದ ಬೀಚಿಗೆ ನೀರು ಇಳಿದ ಹೊತ್ತಿನಲ್ಲಿ ಹೋಗಿ. ಒದ್ದೆ ಮರಳಿನ ಮೇಲೆ ಸಣ್ಣ ಸಣ್ಣ ಮರಳುಂಡೆಗಳು ಒಂದು ತೂತಿನ ಸುತ್ತ ಸೂರ್ಯನ ಕಿರಣದ ಹಾಗೆ ಹರಡಿಕೊಂಡಿರುತ್ತವೆ. ಬೆರಳುಗುರಿನಷ್ಟು ಸಣ್ಣ ಏಡಿಗಳ ಕೆಲಸ ಅದು. ಮರಳನ್ನು ಬಾಯಿಗೆ ಹಾಕಿ ತಿನ್ನುವ ಅಂಶ ಹೀರಿಕೊಂಡು, ಉಳಿದ ಮರಳನ್ನು ಉಂಡೆ ಮಾಡಿ ಎಸೆಯುತ್ತವೆ. ಒಂದೊಂದು ತೂತಿನ ಮುಂದೆ ಒಂದೊಂದು ಆಕಾರ. ಸುಮಾರು ಆರು ತಾಸಿನಲ್ಲಿ ಭರತಿ, ಅಂದರೆ ಸಮುದ್ರದ ಉಬ್ಬರ, ಬಂದು ಎಲ್ಲ ಒರೆಸಿಕೊಂಡು ಹೋಗುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆಯುವುದು ಬಿಟ್ಟು ಅಲ್ಲೇ ಕೂತು ಅದರ ಅಂಚನ್ನು ಪೆನ್ನಿನಿಂದ ನಕಲು ಮಾಡಿಕೊಳ್ಳಿ. ಕೈ ತಪ್ಪಿದ ಜಾಗಗಳೇ ನಿಮಗೆ ಬೇಕಾದ್ದು, ಫೋಟೋದಲ್ಲಿ ಅವು ಸಿಗುವುದಿಲ್ಲ.

ಯಾಣಕ್ಕೆ ಹೋಗಿ ಗೆರೆ ಹುಡುಕುತ್ತೇನೆ ಅಂತ ಒಬ್ಬ ಗೆಳೆಯ ಹೊರಟಿದ್ದ. ನಾನು ಬೇಡ ಅಂದೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರಕ್ಕೆ ನಿಂತಿದೆ, ಅದರ ಮುಂದೆ ನಿಂತರೆ ಬೆರಗು ಬರುತ್ತದೆ, ಬೆರಗಿನ ಜೊತೆ ಈ ತರದ ನಗೆ ಹುಟ್ಟುವುದಿಲ್ಲ. ಸಣ್ಣದನ್ನೇ ಆರಿಸಿ.

ಕಾರವಾರದ ಮಾತು ಬಂತು ಅಂತ ಇನ್ನೊಂದು ಹೇಳಬೇಕು. ಅಲ್ಲಿನ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ, ಎಲ್ಲರಿಗೂ ಗೊತ್ತು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ, 22ನೇ ವಯಸ್ಸಿನಲ್ಲಿ, ತಮ್ಮ ಅಲ್ಲಿ ಬಂದು ಇದ್ದು ಒಂದು ನಾಟಕ ಬರೆದರು. ಆದರೆ ನಮ್ಮ ವಿಷಯಕ್ಕೆ ಬೇಕಾದ ಟ್ಯಾಗೋರರು ಅದಕ್ಕಿಂತ ನಲವತ್ತು ವರ್ಷ ದೊಡ್ಡವರು. ಅವರು ಕವಿತೆ ತಿದ್ದುವಾಗ ಬೇಡವಾದ ಪದಗಳನ್ನು ಸುಮ್ನೆ ಗೀಚಿ ಹಾಕುತ್ತಿರಲಿಲ್ಲ. ಒಂದು ಕಾಟು ಹೊಡೆದ ಸಾಲನ್ನು ಇನ್ನೊಂದಕ್ಕೆ ಗೆರೆಯಿಂದ ಸೇರಿಸಿ, ಕೊಕ್ಕು ಕೊಟ್ಟು, ಬಾಲ ಕೊಟ್ಟು, ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಮಾಡುತ್ತಿದ್ದರು. 1924ರ ಹಸ್ತಪ್ರತಿಯೊಂದರ ತುಂಬ ಇಂಥ ಪ್ರಾಣಿಗಳೇ ಇವೆ. ಆಮೇಲೆ ಅರವತ್ತು ದಾಟಿದ ಆ ಮನುಷ್ಯ ನಿಜವಾಗಿಯೇ ಚಿತ್ರಗಾರರಾದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ನೀವೂ ಮಾಡಿ ನೋಡಿ. ಹಳೆಯ ಕಿರಾಣಿ ಚೀಟಿ ತೆಗೆದುಕೊಳ್ಳಿ. ಕಾಟು ಹೊಡೆದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋಗಿ. ಬೆಲ್ಲ ಒಂದು ಕೇಜಿ, ಉದ್ದಿನಬೇಳೆ ಅರ್ಧ ಕೇಜಿ ಇದ್ದ ಜಾಗದಲ್ಲಿ ಕುತ್ತಿಗೆ ಉದ್ದದ ಯಾವುದೋ ಒಂದು ಎದ್ದು ನಿಲ್ಲುತ್ತದೆ.

ಬಿಡಿಸುವಾಗ

ರಬ್ಬರ್ ಮನೆಯಲ್ಲಿ ಇರಲಿ, ಕೈಗೆ ಸಿಗಬಾರದು. ಒಂದು ಚಿತ್ರಕ್ಕೆ ಎರಡೇ ನಿಮಿಷ. ಸಾಧ್ಯವಾದರೆ ಪೆನ್ನು ಎತ್ತಬೇಡಿ. ಬಲಗೈಯವರು ಎಡಗೈಯಲ್ಲಿ ಬಿಡಿಸಿ ನೋಡಿ, ಗೆರೆ ತಾನೇ ಒಂದು ಸ್ವಭಾವ ಪಡೆಯುತ್ತದೆ. ಬಣ್ಣ ಬೇಡ. ಬೇಕೇ ಬೇಕು ಅಂದರೆ ಒಂದೇ ಬಣ್ಣ. ಶಿರಸಿ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳಲ್ಲಿ ಸುಣ್ಣದ ಬಿಳಿ ಮತ್ತು ಕೆಮ್ಮಣ್ಣಿನ ಕೆಂಪು ಬಿಟ್ಟರೆ ಇನ್ನೇನೂ ಇಲ್ಲ, ಯಾವ ಕೊರತೆಯೂ ಕಾಣುವುದಿಲ್ಲ ಅಲ್ವಾ.

ತಪ್ಪಾದರೆ ಅದನ್ನು ಮುಂದುವರಿಸಿ. ಅಮೆರಿಕದ ವ್ಯಂಗ್ಯಚಿತ್ರಕಾರ ಜೇಮ್ಸ್ ಥರ್ಬರ್ ಬಂಡೆ ಮೇಲೆ ಕೂತ ಸೀಲ್ ಪ್ರಾಣಿ ಬಿಡಿಸಲು ಹೋದಾಗ ಬಂಡೆ ಮಂಚದ ತಲೆಕಡೆಯ ಹಲಗೆಯ ಹಾಗೆ ಬಂತು. ಅವರು ಅಳಿಸಲಿಲ್ಲ. ಕೆಳಗೆ ಮಂಚ ಬಿಡಿಸಿ, ಗಂಡ ಹೆಂಡತಿಯನ್ನು ಮಲಗಿಸಿದರು. ಹಿಂದೆ ಸೀಲ್ ಕೂತಿದೆ, ಮುಂದೆ ಇವರಿಬ್ಬರ ಜಗಳ ನಡೆದಿದೆ. 1932ರಲ್ಲಿ ಅಚ್ಚಾದ ಆ ಚಿತ್ರ ಅವರ ಎಲ್ಲ ಚಿತ್ರಗಳಿಗಿಂತ ಹೆಸರಾಯಿತು.

ಚಿತ್ರ ಮುಗಿದ ಮೇಲೆ ಅದನ್ನು ಪ್ರಶ್ನೆ ಕೇಳಿ. ಕಣ್ಣು ಎಲ್ಲಿದೆ? ಮಳೆ ಬಂದರೆ ಎಲ್ಲಿ ನಿಲ್ಲುತ್ತದೆ? ಕವಳ (ಎಲೆ ಅಡಕೆ) ಹಾಕುತ್ತದಾ? ಯಾರ ಮನೆಯ ಕಡೆಯದು? ಉತ್ತರ ಬರೆದುಕೊಳ್ಳಿ, ಚಿತ್ರದ ಹಿಂಬದಿಗೆ.

ಒಂದೇ ಸುಳ್ಳು

ಇದು ಎಲ್ಲಕ್ಕಿಂತ ಮುಖ್ಯ, ಹೊಸಬರು ಜಾಸ್ತಿ ಎಡವುವುದೂ ಇಲ್ಲೇ. ಐದು ಕಾಲಿನ ಒಂದು ಕೊಡಪಾನ ಬಿಡಿಸಿದಿರಿ ಅಂದುಕೊಳ್ಳಿ. ಅದರ ಕೆಳಗೆ, "ಐದು ಕಾಲಿನ ಕೊಡಪಾನ ಆಕಾಶಕ್ಕೆ ಹಾರಿ ಚಂದ್ರನನ್ನು ನುಂಗಿ ನೀಲಿ ಆನೆಯ ಜೊತೆ ಕುಣಿಯಿತು" ಅಂತ ಬರೆದರೆ ಯಾರೂ ನಗುವುದಿಲ್ಲ. ಎಲ್ಲವೂ ವಿಚಿತ್ರವಾದರೆ ಕಾಲೂರಲು ನೆಲವೇ ಇಲ್ಲ. ಅದೇ ಚಿತ್ರಕ್ಕೆ ಹೀಗೆ ಬರೆದು ನೋಡಿ: "ಬಾವಿಗೆ ಹೋದ ಕೊಡಪಾನ ಇನ್ನೂ ಬಂದಿಲ್ಲ. ದಾರಿಯಲ್ಲಿ ಯಾರೋ ಮಾತಿಗೆ ಸಿಕ್ಕಿರಬೇಕು."

ಚಿತ್ರ ಒಂದು ಸುಳ್ಳು ಹೇಳಿತು: ಕೊಡಪಾನಕ್ಕೆ ಕಾಲಿದೆ. ಮಾತು ಅದನ್ನು ಒಪ್ಪಿಕೊಂಡು, ಉಳಿದದ್ದನ್ನೆಲ್ಲ ನಮ್ಮೂರಿನ ನಿಜದಿಂದಲೇ ತುಂಬಿತು. ಬಾವಿಗೆ ಹೋದವರು ತಡವಾಗಿ ಬರುವುದು, ದಾರಿಯಲ್ಲಿ ಮಾತಿಗೆ ನಿಲ್ಲುವುದು, ಮನೆಯಲ್ಲಿ ಕಾಯುವವರು ಹೀಗೆ ಊಹಿಸುವುದು, ಎಲ್ಲ ನಿಜ. ಕಾಲು ಐದು ಅನ್ನುವ ಮಾತನ್ನೂ ಬರಹದಲ್ಲಿ ಎತ್ತಬೇಡಿ. ಅದು ಕಣ್ಣಿಗೆ ಕಾಣುತ್ತಿದೆ. ಕಂಡದ್ದನ್ನು ಹೇಳಿಬಿಟ್ಟರೆ ಓದುವವರಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಅದಕ್ಕೇ ನಾನು ಪ್ರತಿ ವಿಚಿತ್ರ ಪ್ರಾಣಿಗೂ ಒಂದು ಸಾಮಾನ್ಯ ಕಷ್ಟ ಕೊಡುತ್ತೇನೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿರುವುದು. ಮದುವೆಗೆ ಕರೆಯಲಿಲ್ಲ ಅನ್ನುವ ಬೇಸರ. ಸಿದ್ದಾಪುರದ ಬಸ್ಸು ತಪ್ಪಿದ್ದು. ಇಂಥ ಕಷ್ಟಗಳ ಒಂದು ಪಟ್ಟಿ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಚಿತ್ರ ಸಿದ್ಧವಾದಾಗ ಕಣ್ಣು ಮುಚ್ಚಿ ಒಂದರ ಮೇಲೆ ಬೆರಳಿಡಿ.

ಕನ್ನಡ ಕೊಡುವ ಮೂರು ಸಹಾಯ

ಮೊದಲನೆಯದು ಪದ ಜೋಡಿಸುವುದು. ಬಂಗಾಳದಲ್ಲಿ ಮಕ್ಕಳಿಗೆ ನಗೆ ಪದ್ಯ ಬರೆದ ಸುಕುಮಾರ ರಾಯ್ ಅಂತ ಇದ್ದರು, ಸತ್ಯಜಿತ್ ರಾಯ್ ಅವರ ತಂದೆ, 1923ರಲ್ಲಿ 35 ವರ್ಷಕ್ಕೇ ತೀರಿಕೊಂಡರು. ಬಂಗಾಳಿಯಲ್ಲಿ ಬಾತುಕೋಳಿಗೆ ಹಾಂಸ್, ಮುಳ್ಳುಹಂದಿಗೆ ಸಜಾರು. ಅವರು ಎರಡನ್ನೂ ಸಮಾನ ಅಕ್ಷರದ ಹತ್ತಿರ ಬೆಸೆದು ಹಾಂಸಜಾರು ಮಾಡಿದರು, ಅದರ ಚಿತ್ರವನ್ನೂ ಬಿಡಿಸಿದರು. ಕನ್ನಡದಲ್ಲಿ ಇದು ಇನ್ನೂ ಸಲೀಸು. ಬಂಗಡೆ ಮತ್ತು ಗಡಿಯಾರ ಸೇರಿಸಿ: ಬಂಗಡಿಯಾರ. ಅಡಕೆ ಮತ್ತು ಕೆಮ್ಮು: ಅಡಕೆಮ್ಮು. ಕಪ್ಪೆ ಮತ್ತು ಪೆಟ್ಟಿಗೆ: ಕಪ್ಪೆಟ್ಟಿಗೆ. ಗೂಬೆ ಮತ್ತು ಬೆಲ್ಲ: ಗೂಬೆಲ್ಲ. ಹೆಸರು ಬಾಯಲ್ಲಿ ಸರಾಗವಾಗಿ ಹೊರಳಬೇಕು. ಎಳೆದು ಕಟ್ಟಿದ್ದು ಅನ್ನಿಸಿದರೆ ಬಿಟ್ಟುಬಿಡಿ.

ಈಗ ಇವಕ್ಕೆ ನಿಜ ತುಂಬಿ. ಬಂಗಡಿಯಾರದ ಹೊಟ್ಟೆಯಲ್ಲಿ ಎರಡು ಮುಳ್ಳು. ಅದು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ, ಆದರೂ ಕಾರವಾರದಲ್ಲಿ ಯಾರೂ ರಿಪೇರಿಗೆ ಕೊಡುವುದಿಲ್ಲ, ಯಾಕಂದ್ರೆ ಭರತಿಯೂ ದಿನಾ ಅಷ್ಟೇ ತಡವಾಗಿ ಬರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ 61 ದಿನ ಟೈಮ್ ಕೇಳಬಾರದು. ಅಡಕೆಮ್ಮಿಗೂ ಹೀಗೇ. ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು ಅಂತ ಅಡಕೆ ಆರಿಸಿ ಬೇರೆ ಬೇರೆ ಮಾಡುವಾಗ ಅದನ್ನು ಯಾವ ಗುಡ್ಡೆಗೆ ಹಾಕುವುದು ಅನ್ನುವ ಪ್ರಶ್ನೆ ಏಳುತ್ತದೆ. ಚಾಲಿಯ ಜೊತೆ ಹಾಕಿದರೆ ರಾತ್ರಿಯಿಡೀ ಕೆಮ್ಮಿ ಉಳಿದ ಚಾಲಿಯ ನಿದ್ದೆ ಕೆಡಿಸುತ್ತದೆ. ನೋಡಿ, ಭರತಿಯ ಲೆಕ್ಕ, ಅಡಕೆಯ ಜಾತಿ, ನಿಷೇಧದ ದಿನ ಎಲ್ಲ ಸರಿಯಾಗಿದ್ದಷ್ಟೂ ನಗೆ ಗಟ್ಟಿ. ಗೊತ್ತಿಲ್ಲದ ಕಸುಬಿನ ಬಗ್ಗೆ ಬರೆಯುವ ಮುಂಚೆ ಆ ಕಸುಬಿನವರನ್ನು ಕೇಳಿ ತಿಳಿದುಕೊಳ್ಳಿ.

ಎರಡನೆಯದು ನನಗೆ ತುಂಬಾ ಪ್ರೀತಿಯದು. ನಾವು ದಿನಾ "ಮೀನು ಗೀನು", "ಬೆಕ್ಕು ಗಿಕ್ಕು", "ಕೊಡೆ ಗಿಡೆ" ಅನ್ನುತ್ತೇವೆ. ಮೊದಲಕ್ಷರ ಗಿಡ್ಡ ಇದ್ದರೆ ಗಿ, ಉದ್ದ ಇದ್ದರೆ ಗೀ. ಈ ಎರಡನೇ ಪದಕ್ಕೆ ಅರ್ಥ ಇಲ್ಲ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಇದೆ ಅಂತ ಹಿಡಿಯಿರಿ. ರಾತ್ರಿ ಹೊರಗೆ ಹೊರಟರೆ ಅಜ್ಜಿ "ಹಾವು ಗೀವು ಇದ್ದಾವು, ನೋಡ್ಕೊಂಡು ನಡಿ" ಅಂತ ಎಚ್ಚರಿಸುತ್ತಾರೆ. ಹಾವು ನಮಗೆ ಗೊತ್ತು. ಗೀವು ಹೇಗಿರುತ್ತದೆ? ಅಂಕೋಲೆಯ ದೋಣಿ ದಂಡೆಗೆ ಬಂದಾಗ "ಮೀನು ಗೀನು ಸಿಕ್ತಾ?" ಅಂತ ಕೇಳುತ್ತಾರೆ. ಮೀನು ಸಿಗದ ದಿನ ಬಲೆಯಲ್ಲಿ ಇದ್ದದ್ದು ಏನು? ಅದನ್ನು ಬಿಡಿಸಿ.

ನಾನು ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಈ ಆಟ ಆಡಿದಾಗ ಒಂದೇ ಒಂದು ಕಟ್ಟಳೆ ಇಟ್ಟಿದ್ದೆ. ಗಿಕ್ಕು ಬೆಕ್ಕಿಗೆ ಹತ್ತಿರದ್ದಾಗಿರಬೇಕು, ಬೆಕ್ಕಾಗಿರಬಾರದು. ಒಬ್ಬ ಹುಡುಗ ಬಾಲ ಮುಂದೆ ಇರುವ, ಮುಖ ಎಲ್ಲೂ ಕಾಣದ ಒಂದನ್ನು ಬಿಡಿಸಿ, ಕೆಳಗೆ "ಬೆಕ್ಕು ರಜೆ ಹಾಕಿದ ದಿನ ಇದು ಬರುತ್ತದೆ. ಇಲಿ ಹಿಡಿಯುವುದಿಲ್ಲ, ಇಲಿಗೆ ವಿಷಯ ತಿಳಿಸುತ್ತದೆ" ಅಂತ ಬರೆದ. ಅಲ್ಲಿನ ಅಕ್ಕೋರು, ಅಂದರೆ ಟೀಚರು, ಅದನ್ನು ಇಡೀ ತರಗತಿಗೆ ಓದಿ ಹೇಳುತ್ತಾ ಮಧ್ಯದಲ್ಲಿ ನಿಲ್ಲಿಸಿ ಕಣ್ಣೊರೆಸಿಕೊಂಡರು. ನಮ್ಮ ಜಗಲಿಯ ಗೋಡೆ ಮೇಲಿನವರು ಯಾರು ಅಂತ ನನಗೆ ಗೊತ್ತಾದದ್ದೂ ಆವತ್ತೇ. ಮನೆಗೆ ನೆಂಟರು ಗಿಂಟರು ಬರುತ್ತಾರೆ ಅನ್ನುತ್ತೇವಲ್ಲ. ಅವರು ಗಿಂಟರು.

ಮೂರನೆಯದು ವಾಕ್ಯದ ಕೊನೆ. ಕನ್ನಡದಲ್ಲಿ ಕ್ರಿಯಾಪದ ಕಡೆಗೆ ಬರುತ್ತದೆ. ಅಲ್ಲಿಯ ತನಕ ಓದುವವರಿಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಈ ಕಾಯುವಿಕೆಯನ್ನು ಬಳಸಿ. "ಅಜ್ಜ ಬೆಳಿಗ್ಗೆ ಎದ್ದು, ಚಾ ಕುಡಿದು, ಕವಳ ಹಾಕಿ, ತೋಟಕ್ಕೆ ಇಳಿದು, ಮೂರನೇ ಸಾಲಿನ ನಾಲ್ಕನೇ ಅಡಕೆ ಮರದ ಹತ್ತಿರ ನಿಂತು, ತನ್ನ ಕೊಡೆಯ ಕ್ಷಮೆ ಕೇಳಿದರು." ಇದೇ ಮಾತನ್ನು "ಕೊಡೆಯ ಕ್ಷಮೆ ಕೇಳಿದ ಅಜ್ಜ" ಅಂತ ಮೊದಲೇ ಹೇಳಿದರೆ ಸತ್ತುಹೋಗುತ್ತದೆ. ದನಿಯೂ ಏರಬಾರದು. ಆಶ್ಚರ್ಯ ಚಿಹ್ನೆ ಹಾಕಬೇಡಿ. ಪಂಚಾಯತಿ ಪ್ರಕಟಣೆ, ಮದುವೆ ಕಾಗದ, ಹವಾಮಾನ ವರದಿ, ಇವುಗಳ ದನಿಯನ್ನು ಗಟ್ಟಿಯಾಗಿ ಓದಿ ಕಿವಿಗೆ ಹಾಕಿಕೊಳ್ಳಿ, ಅದೇ ದನಿಯಲ್ಲಿ ಬರೆಯಿರಿ.

ಕರೆಂಟ್ ಹೋದಾಗ ನಾಲ್ಕು ಜನ

ಒಬ್ಬರೇ ಮಾಡುವುದಕ್ಕಿಂತ ಮನೆಮಂದಿ ಕೂತು ಮಾಡಿದರೆ ಬೇರೆಯದೇ ಸಿಗುತ್ತದೆ. ಒಂದು ಉದ್ದ ಕಾಗದವನ್ನು ಮೂರು ಮಡಿಕೆ ಮಾಡಿ. ಮೊದಲಿನವರು ತಲೆ ಬಿಡಿಸಿ ಮಡಚುತ್ತಾರೆ, ಕುತ್ತಿಗೆಯ ಎರಡು ಗೆರೆ ಮಾತ್ರ ಮಡಿಕೆಯಾಚೆ ಅರ್ಧ ಇಂಚು ಕಾಣಬೇಕು. ಎರಡನೆಯವರು ಆ ಗೆರೆಗಳಿಂದ ಹೊಟ್ಟೆ, ಮೂರನೆಯವರು ಕಾಲು. ನಾಲ್ಕನೆಯವರು ಬಿಚ್ಚಿ ನೋಡಿ ಹೆಸರಿಡಬೇಕು. ಪ್ಯಾರಿಸ್‌ನಲ್ಲಿ 1925ರ ಸುಮಾರಿಗೆ ಕವಿ ಆಂಡ್ರೆ ಬ್ರೆಟನ್ ಮತ್ತವರ ಗೆಳೆಯರ ಬಳಗ ಇದನ್ನು ಪದಗಳಿಂದಲೂ ಆಡುತ್ತಿತ್ತು, ಚಿತ್ರದಿಂದಲೂ ಆಡುತ್ತಿತ್ತು. ಪದದ ಆಟದಲ್ಲಿ ಮೊದಲು ಬಂದ ಸಾಲು "ಸೊಗಸಾದ ಹೆಣ ಹೊಸ ದ್ರಾಕ್ಷಾರಸ ಕುಡಿಯುತ್ತದೆ" ಅಂತ. ಅದಕ್ಕೇ ಆಟಕ್ಕೂ ಸೊಗಸಾದ ಹೆಣ ಅಂತಲೇ ಹೆಸರು ನಿಂತಿತು.

ಪದದ ಆಟವನ್ನು ಕನ್ನಡದಲ್ಲಿ ಆಡುವಾಗ ಒಂದು ತೊಡಕಿದೆ. ಯಾರು ಅನ್ನುವುದನ್ನು ಒಬ್ಬರು, ಏನು ಮಾಡಿದರು ಅನ್ನುವುದನ್ನು ಇನ್ನೊಬ್ಬರು ಬರೆದಾಗ ಬಂದನು, ಬಂದಳು, ಬಂತು ಇವು ಕೂಡುವುದಿಲ್ಲ. ನಾವು ಕಂಡುಕೊಂಡ ದಾರಿ ಇದು: ಎಲ್ಲರಿಗೂ ಬಹುವಚನ. ಕೊಡಪಾನಕ್ಕೂ ಮರ್ಯಾದೆ ಕೊಡಿ. ಮೊದಲಿನವರು ಎಂಥವರು ಅಂತ ಬರೆಯಲಿ, ಎರಡನೆಯವರು ಯಾರು, ಮೂರನೆಯವರು ಎಲ್ಲಿ ಮತ್ತು ಯಾವುದನ್ನು, ನಾಲ್ಕನೆಯವರು ಕಡೆಯ ಪದ, ಅದು "ದರು" ಅಂತಲೇ ಮುಗಿಯಬೇಕು. ಕಳೆದ ಮಳೆಗಾಲದಲ್ಲಿ ಮೇಣದ ಬತ್ತಿ ಬೆಳಕಲ್ಲಿ ನಮಗೆ ಸಿಕ್ಕಿದ್ದು: "ನಿದ್ದೆಗೆಟ್ಟ ಕೊಡಪಾನದವರು ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಹಲಸಿನ ಹಪ್ಪಳವನ್ನು ಸಮಾಧಾನ ಮಾಡಿದರು." ಅಪ್ಪಯ್ಯ ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ, ಹಪ್ಪಳ ಮುರಿಯುವ ಮುಂಚೆ, "ಈಗ ಸಮಾಧಾನ ಆಯ್ತಾ?" ಅಂತ ಕೇಳಿದರು.

ಒಂದು ಎಚ್ಚರಿಕೆ. ಯಾರದೋ ಮೈ, ಜಾತಿ, ತೊದಲು ಮಾತು ಇವನ್ನು ತಂದು ವಿಚಿತ್ರ ಅಂತ ತೋರಿಸಬೇಡಿ. ಅದು ಹಂಗಿಸುವುದಾಗುತ್ತದೆ, ಈ ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಣ್ಣ ಮಕ್ಕಳ ಚಿತ್ರ ನೋಡಿ "ಇದೆಂತ ಆನೆ?" ಅಂತಲೂ ನಗಬೇಡಿ. ಆನೆಗೆ ಏನು ಬೇಕಂತೆ ಅಂತ ಕೇಳಿ.

ಅಚ್ಚಿಗೆ ಕೊಡುವಾಗ, ಇಡುವಾಗ

ಹಿಂದೊಮ್ಮೆ ನನ್ನ ಐದು ಕಾಲಿನ ಕೊಡಪಾನವನ್ನು ಒಂದು ಸ್ಮರಣ ಸಂಚಿಕೆಗೆ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ಕಾಲು ನಾಲ್ಕೇ ಇತ್ತು. ತಪ್ಪಾಗಿದೆ ಅಂದುಕೊಂಡು ಯಾರೋ ಒಳ್ಳೆಯ ಮನಸ್ಸಿನಿಂದಲೇ ಒಂದನ್ನು ಅಳಿಸಿದ್ದರು. ನನಗೆ ತುಂಬಾ ದಿನ ಬೇಸರವಿತ್ತು. ನಾಲ್ಕು ಕಾಲಿನ ಕೊಡಪಾನ ಮೇಜಿನ ಹಾಗೆ ಸುಮ್ಮನೆ ನಿಲ್ಲುತ್ತದೆ. ಐದನೆಯದು ಇದ್ದದ್ದರಿಂದಲೇ ಅದು ಎಲ್ಲಿಗೋ ಹೊರಟ ಹಾಗೆ ಕಾಣುತ್ತಿತ್ತು. ಈಗ ಪ್ರತಿ ಚಿತ್ರದ ಹಿಂದೆ "ಹೀಗೇ ಇರಲಿ" ಅಂತ ಬರೆದು, ಕಾಲು, ಕಣ್ಣು, ಕಿವಿ ಎಷ್ಟೆಷ್ಟು ಅಂತ ಲೆಕ್ಕ ಹಾಕಿ ಕೊಡುತ್ತೇನೆ. ಅಡಿಬರಹ ಚಿತ್ರದ ಕಾಗದದಲ್ಲೇ ಇರಲಿ, ಬೇರೆ ಚೀಟಿಯಲ್ಲಿ ಕೊಟ್ಟರೆ ಕಳೆದುಹೋಗುತ್ತದೆ.

ನಮ್ಮ ಹವೆಗೆ ಇಂಕ್ ಪೆನ್ನು ಆಗಿಬರುವುದಿಲ್ಲ, ತೇವದ ಕಾಗದದಲ್ಲಿ ಹರಡುತ್ತದೆ. ಬಾಲ್ ಪೆನ್ನು ಅಥವಾ ಪೆನ್ಸಿಲ್ ಹಿಡಿಯಿರಿ. ಮುಗಿದ ನೋಟ್‌ಬುಕ್ಕುಗಳನ್ನು ಬಿಸಿಲಿಗೆ ಕಾಯಿಸಿ, ಮುಚ್ಚಳ ಬಿಗಿಯಾದ ತಗಡಿನ ಡಬ್ಬದಲ್ಲಿ ಇಡಿ, ಬೂಸಲು ಹಿಡಿಯುವುದು ಕಡಿಮೆ ಆಗುತ್ತದೆ. ತಾರೀಕು ಬರೆಯುವುದು ಮರೆಯಬೇಡಿ, ಗೆರೆ ಎಲ್ಲಿ ಸಿಕ್ಕಿತು ಅನ್ನುವುದನ್ನೂ: ಕಾರವಾರ, ಏಡಿ, ಬೆಳಿಗ್ಗೆ ಏಳು ಗಂಟೆ.

ದೀಪಾವಳಿಗೆ ಮುಂಚೆ ನಮ್ಮ ಜಗಲಿಗೆ ಸುಣ್ಣ ಹೊಡೆಸಿದೆವು. ಹಿಂದಿನ ದಿನ ಅಣ್ಣನ ಮಗಳು ಗೋಡೆಗೆ ತೆಳು ಕಾಗದ ಹಚ್ಚಿ, ನಾನು ಕಾಗದ ಹಿಡಿದುಕೊಂಡಿರುವಾಗ, ಗಿಂಟರ ಸುತ್ತ ಪೆನ್ಸಿಲ್ ಎಳೆದಳು. ಮೂಗು, ಬೆನ್ನು, ಚೀಲ ಎಲ್ಲ ಬಂತು. ಕೆಳಗೆ ಏನು ಬರೆಯಲಿ ಅಂತ ನನ್ನನ್ನು ಕೇಳಿದಳು. ನಾನು ಯೋಚಿಸುತ್ತಿರುವಷ್ಟರಲ್ಲಿ ಅವಳೇ ಬರೆದುಬಿಟ್ಟಿದ್ದಳು: "ಊಟ ಮಾಡಿಕೊಂಡೇ ಹೋದರು."